ಅಕ್ಕನ ಫೋನಿನಲ್ಲಿ ಕಪ್ಪಾದ ಹಸಿರು

ಬ್ರಹ್ಮಪುರದ ನಮ್ಮ ಮನೆಯಲ್ಲಿ ಎರಡು ಫೋನುಗಳಿವೆ, ಒಂದೇ ಪಟದಲ್ಲಿ ನಾನು ಎರಡು ಮೈಬಣ್ಣದವಳು. ಯಜಮಾನರ ಫೋನಿನಲ್ಲಿ ಈಗಷ್ಟೇ ಅರಿಶಿನ ಮಿಂದೆದ್ದ ಮದುಮಗಳು. ನನ್ನ ಹಳೆಯದರಲ್ಲಿ ಕಲಬುರಗಿಯ ಬಿಸಿಲಿನಲ್ಲಿ ಹಪ್ಪಳ ಕಾಯುತ್ತ ಕುಳಿತ ಗೃಹಿಣಿ. ಎರಡನೆಯದೇ ಸತ್ಯಕ್ಕೆ ಸಮೀಪವೆಂದು ಗೊತ್ತಿದ್ದೂ ನನ್ನನ್ನು ನೋಡಿಕೊಳ್ಳಬೇಕೆನಿಸಿದಾಗ ಮೊದಲನೆಯದನ್ನೇ ಕೇಳಿ ಪಡೆಯುತ್ತೇನೆ. ಇಷ್ಟು ಆತ್ಮವಂಚನೆಯನ್ನು ನೀವು ಮನ್ನಿಸಬೇಕು.

ಫೋನು ಕೊಳ್ಳುವ ಮುನ್ನ ಹೆಣ್ಣು ನೋಡುವುದಕ್ಕಿಂತ ಹೆಚ್ಚು ವಿಚಾರಣೆ ಮಾಡಿದ ಯಜಮಾನರ ಪ್ರವಚನದ ಸಾರವಿಷ್ಟು: ಎಲ್‌ಸಿಡಿ ಪರದೆಯ ಬೆನ್ನಿಗೆ ದೀಪವೊಂದು ಸದಾ ಉರಿಯುತ್ತಿರುತ್ತದೆ, ಎಷ್ಟು ಮುಚ್ಚಿದರೂ ಬೆಳಕು ಸೋರಿ ಕಪ್ಪೆಲ್ಲ ಬೂದಿಯಾಗುತ್ತದೆ. ಓಎಲ್‌ಇಡಿಯಲ್ಲಿ ಪ್ರತಿ ಚುಕ್ಕಿಯೂ ಸ್ವಯಂಪ್ರಕಾಶಿ, ಕಪ್ಪು ಬೇಕಾದಲ್ಲಿ ಆ ಚುಕ್ಕಿ ಆರಿಯೇ ಹೋಗುತ್ತದೆ. ನನಗೆ ಅರ್ಥವಾದಂತೆ, ನನ್ನ ಫೋನಿನ ಎಲ್‌ಸಿಡಿ ಎಂದರೆ ಪರದೆ ಎಳೆದರೂ ಟ್ಯೂಬ್‌ಲೈಟು ಹಣಕುವ ನಮ್ಮ ಪಡಸಾಲೆ. ಇವರ ಫೋನಿನ ಓಎಲ್‌ಇಡಿ ಎಂದರೆ ಕೋಣೆಯಿಂದ ಕೋಣೆಗೆ ಹೋಗಿ ದೀಪ ಆರಿಸುವ ಇವರ ಅಕ್ಕ, ಕಮಲಾಪುರದ ಶಾಂತಕ್ಕ. ನಾಗರ ಪಂಚಮಿಗೆ ಇವರು ಅಕ್ಕನಿಗೆ ಕೊಡಿಸಿದ್ದೂ ಓಎಲ್‌ಇಡಿ ಫೋನೇ, ಸಮಾನಶೀಲರ ಸಮಾಗಮ.

ಆ ಸಮಾಗಮದ ಫಲ ನನ್ನ ತಲೆಗೆ ಬಂತು. ಶಾಂತಕ್ಕನ ಮಗಳು ಪಲ್ಲವಿಯ ಚೊಚ್ಚಲ ಬಸಿರಿಗೆ ಕುಬಸ. ಬಸುರಿಗೆ ಹಸಿರು ಸೀರೆ ಉಡಿಸುವ ಕಾರ್ಯ, ಸೀರೆ ತರುವ ಮಾನ ಸೋದರಮಾವನ ಹೆಂಡತಿಯಾದ ನನ್ನದು. ಕಾನ್ವೆಂಟಿನ ಬಣ್ಣದ ಪೆನ್ಸಿಲ್ ಡಬ್ಬಿಯಿಂದ ಹಸಿರು ಕಲಿತ ನನಗೆ ತಿಳಿ, ಗಾಢ ಎಂಬ ಎರಡೇ ಹಸಿರು. ಶಾಂತಕ್ಕನಿಗೆ ಜೋಳದ ಎಳೆ ಪೈರಿನಿಂದ ಕರಿಬೇವಿನವರೆಗೆ ಹಸಿರಿನ ವಂಶಾವಳಿಯೇ ಇದೆ. ಜಗತ್ ವೃತ್ತದ ಅಂಗಡಿಯಲ್ಲಿ ಗಾಢ ಹಸಿರಿನ ರೇಷ್ಮೆಯೊಂದಕ್ಕೆ ಮನಸೋತು, ಕೊಂಡು, ಕುಬಸದ ಹಿಂದಿನ ದಿನ ಮಧ್ಯಾಹ್ನ ಅಕ್ಕನಿಗೆ ಪಟ ಕಳಿಸಿದೆ. ತಕ್ಷಣ ಫೋನು ಬಂತು.

"ಶೋಭಾ, ನನ್ನ ಮಗಳ ಕುಬಸಕ್ಕ ಕರೀ ಸೀರಿ ತರ್ತೀಯೇನ?"

"ಹಸರ ಅದರೀ ಅಕ್ಕಾ!"

"ಕಣ್ಣ ನನಗೂ ಕೊಟ್ಟಾನ ದೇವರು. ಕಾಗಿ ಕಂಡಂಗ ಕಾಣಾಕತ್ತದ."

ಸಾಕ್ಷಿಗಿರಲೆಂದು ಸೀರೆಯ ಮೇಲೆ ಒಂದು ಹಸಿಮೆಣಸಿನಕಾಯಿ ಇಟ್ಟು ಮತ್ತೊಂದು ಪಟ ಕಳಿಸಿದೆ.

"ಈ ಮೆಣಸಿನಕಾಯಿ ಯಾಕ ಕೊಳತದ?" ಎಂದಿತು ಕಮಲಾಪುರ.

ಯಜಮಾನರು ನಕ್ಕರು. "ಅಕ್ಕ ಫೋನಿನ ಬೆಳಕ ಪೂರಾ ಇಳಿಸಿ ಇಟ್ಟಿರ್ತಾಳ. ಅಷ್ಟು ಮಬ್ಬಿನಾಗ ಆ ಪರದಾ ಗಾಢ ಬಣ್ಣನೆಲ್ಲಾ ಕಪ್ಪು ಮಾಡಿ ಕುಂದರಸ್ತದ. ಏರಸು ಅಂತ ಹೇಳು."

ಹೇಳಿದೆ. "ಸುಮ್ನ ಚಾರ್ಜ್ ಸುಡಲೇನು? ಬಣ್ಣ ಖರೇ ಇದ್ರ ಮಬ್ಬಿನಾಗೂ ಕಾಣ್ತದ" ಎಂದು ಅಕ್ಕ ಫೋನಿಟ್ಟಳು.

ಬೇರೆ ಸೀರೆ ತರಬಹುದಿತ್ತು. ಆದರೆ ತಂದರೆ ಮೊದಲನೆಯದು ಕಪ್ಪೇ ಆಗಿತ್ತೆಂದು ಒಪ್ಪಿದಂತೆ. ಬಸುರಿಗೆ ಕಪ್ಪು ಕೊಡಹೊರಟವಳೆಂಬ ಹೆಸರು ಅಕ್ಕನ ಸ್ಮರಣಶಕ್ತಿಯಲ್ಲಿ ನನ್ನ ಮೊಮ್ಮಕ್ಕಳ ಕಾಲದವರೆಗೂ ಉಳಿಯುತ್ತಿತ್ತು. ಮರುದಿನ ಅದೇ ಸೀರೆಯನ್ನು ಮಡಿಲಲ್ಲಿಟ್ಟುಕೊಂಡು ಬಸ್ಸಿನಲ್ಲಿ ಯಜಮಾನರ ಪಕ್ಕ ಕುಳಿತೆ, ದಾರಿಯುದ್ದಕ್ಕೂ ಪೊಟ್ಟಣದ ಅಂಚು ಬಿಡಿಸಿ ಬಿಡಿಸಿ ನೋಡಿದೆ. ಒಂದೆರಡು ಸಲ ನನಗೂ ಅನುಮಾನವಾಯಿತು.

ಅಂಗಳದಲ್ಲಿ ಉಡಿ ತುಂಬಲೆಂದು ತಂದ ಕೆಂಪು ಬಾಳೆಹಣ್ಣಿನ ಚಿಪ್ಪುಗಳ ನಡುವೆ ಹೆಂಗಸರೆಲ್ಲ ನೆರೆದಿದ್ದರು. ಶಾಂತಕ್ಕ ಸೀರೆ ಬಿಡಿಸಿ ಬಿಸಿಲಿಗೆ ಹಿಡಿದಳು. ಸೆರಗು ತಿರುವಿದಳು, ಅಂಚು ಉಜ್ಜಿದಳು. ಬಿಸಿಲು ಹಾದ ರೇಷ್ಮೆಯ ಹಸಿರು ಆಕೆಯ ಮುಖದ ಮೇಲೂ ಬಿತ್ತು.

"ಉಡಿಸ್ರಿ," ಎಂದಳು. ಅಷ್ಟೇ.

ಸೀರೆಯುಟ್ಟ ಪಲ್ಲವಿಯ ಪಟ ಬಳಗದ ಗುಂಪಿಗೆ ಹೋದದ್ದೇ ತಡ, ಮೊಣಕಾಲು ನೋವೆಂದು ಬಾರದೆ ಉಳಿದಿದ್ದ ತಾಜಸುಲ್ತಾನಪುರದ ಚಿಕ್ಕಮ್ಮನ ದನಿ ಅಕ್ಕನ ಫೋನಿನಿಂದ ಅಂಗಳಕ್ಕೆಲ್ಲ ಕೇಳಿಸಿತು: "ಏನವಾ ಶಾಂತಾ, ಬಸರಿ ಹೆಣ್ಣಿಗಿ ಕರೀ ಸೀರಿ ಉಡಸೀರಿ? ಯಾರ ತಂದಾರ?"

ಎಲ್ಲರ ಕಣ್ಣೂ ನನ್ನತ್ತ. ನಾನು ಬಾಳೆಹಣ್ಣು ಎಣಿಸುವವಳಂತೆ ತಲೆ ಬಗ್ಗಿಸಿದೆ.

"ನಮ್ಮ ಶೋಭಾ ತಂದಾಳ," ಎಂದಳು ಶಾಂತಕ್ಕ. "ಅಪ್ಪಟ ಹಸರ ಅದ ಚಿಗವ್ವ. ನಿನ್ನ ಫೋನಿನ ದೀಪ ಏರಸಿ ನೋಡು. ಹೋದ್ರ ಹೋಗ್ಲಿ ಚಾರ್ಜು, ಒಯ್ದು ಏನ ಮಾಡ್ತಿ!"

ಪರದೆಗಳ ಗುಣದೋಷ ನನಗಿನ್ನೂ ಪೂರ್ತಿ ತಿಳಿದಿಲ್ಲ. ಆದರೆ ಯಾವ ಕಂಪನಿಯೂ ಕೊಡಲಾರದ ಕಾಂತಿಯೊಂದು ಆ ಗಳಿಗೆ ನನ್ನ ಮುಖಕ್ಕೆ ಬಂದಿತ್ತೆಂದು, ಜಗಲಿಯಿಂದ ನೋಡುತ್ತಿದ್ದ ಯಜಮಾನರೇ ಆಮೇಲೆ ಹೇಳಿದರು.

ಸ್ವಲ್ಪ ಹೊತ್ತಿಗೆ ಅಕ್ಕ ಅಡುಗೆಮನೆಯ ಬಾಗಿಲಲ್ಲಿ ನನ್ನನ್ನು ತಡೆದು, ಸೆರಗಿನ ಮರೆಯಿಂದ ಫೋನು ತೆಗೆದು ಕೈಗಿಟ್ಟಳು. "ನಂದೂ ಒಂದೀಟ ಏರಸಿ ಕೊಡವಾ. ಯಾರಿಗೂ ಹೇಳಬ್ಯಾಡ."

ಏರಿಸಿಕೊಟ್ಟೆ. ಪಲ್ಲವಿಯ ಪಟವನ್ನು ಕಣ್ತುಂಬ ನೋಡಿದ ಅಕ್ಕ, ಮರುಕ್ಷಣವೇ ಚಾರ್ಜರ್ ಹುಡುಕಲು ಹೊರಟಳು.