ಟೋಪಿಯಲ್ಲಿ ಎದ್ದ ಬದನೆ ಸಸಿ

ಬಿತ್ತಿದ ಬೀಜವನ್ನು ಸುಮ್ಮನೆ ಬಿಡುವುದು ನನ್ನಿಂದ ಆಗದು. ಮಣ್ಣು ಮುಚ್ಚಿ, ನೀರು ಚಿಮುಕಿಸಿ, ಕೈ ತೊಳೆಯುವಷ್ಟರಲ್ಲಿ ಅನುಮಾನ ಶುರು: ಒಳಗೆ ಅದು ಏನು ಮಾಡುತ್ತಿರಬಹುದು? ಕಡ್ಡಿಯಿಂದ ಮೆಲ್ಲಗೆ ಕೆದಕಿ ನೋಡುತ್ತೇನೆ. ಏನೂ ಮಾಡುತ್ತಿರುವುದಿಲ್ಲ. ಮುಚ್ಚುತ್ತೇನೆ. ಸಂಜೆಗೆ ಮತ್ತೆ ವಿಚಾರಣೆ. ಸರ್ಕಾರದಲ್ಲಿ ಅರ್ಜಿಗಳು ವರ್ಷಗಟ್ಟಲೆ ಮಲಗಿದ್ದರೂ ಅವುಗಳ ನಿದ್ದೆ ಯಾರೂ ಕೆಡಿಸುವುದಿಲ್ಲ. ನಾಲ್ಕನೆಯ ಇಯತ್ತೆ ಓದಿ ಸರ್ಕಾರಿ ಕಚೇರಿಯ ಚಪ್ರಾಸಿಯಾದ ನಾನು, ಅಲ್ಲಿಂದ ಕಲಿಯಬಹುದಾಗಿದ್ದ ಈ ಒಂದು ಸದ್ಗುಣವನ್ನೇ ಕಲಿಯಲಿಲ್ಲ.

ಅದರ ಫಲ ಉಂಡವಳು ನನ್ನ ಅಕ್ಕ. ನಿಜಾಮರ ಆಳ್ವಿಕೆ ಮುಗಿಸಿದ ಪೊಲೀಸ್ ಆ್ಯಕ್ಷನ್ ಆದ ಮರುವರ್ಷ ಐಜದ ಗಂಡನ ಮನೆಯಿಂದ ಮಕ್ತಲದ ನಮ್ಮ ಮನೆಗೆ ಬಂದಿದ್ದಳು. ತೀರಿಕೊಂಡ ಅವ್ವ ಬೂದಿಯಲ್ಲಿ ಕಲಸಿ, ಅರಿವೆಯಲ್ಲಿ ಗಂಟು ಕಟ್ಟಿಟ್ಟಿದ್ದ ಬದನೆ ಬೀಜ ಸ್ವಲ್ಪವೇ ಉಳಿದಿತ್ತು. ಹಳೆಯ ಬೀಜ, ಈ ಸಲ ಮೊಳೆಯದಿದ್ದರೆ ಅವ್ವನ ಬದನೆ ಅಲ್ಲಿಗೆ ಮುಗಿಯಿತು. ಸಸಿ ಎಬ್ಬಿಸಿ ಐಜದ ತನ್ನ ಹಿತ್ತಲಿಗೆ ಒಯ್ಯಬೇಕೆಂದು ಅಕ್ಕನ ಆಸೆ.

ಮನೆಯಲ್ಲಿ ಕೆಲಸಕ್ಕೆ ಬಾರದ್ದೆಲ್ಲ ಆಕೆಯ ಕೈಯಲ್ಲಿ ಕೆಲಸಕ್ಕೆ ಬಂತು. ತೆಂಗಿನ ಚಿಪ್ಪು, ಒಡೆದ ಗಡಿಗೆಯ ತಳ, ತುಕ್ಕು ಹಿಡಿದು ತಾನೇ ತೂತಾದ ಚಿಮಣಿ ಎಣ್ಣೆಯ ಡಬ್ಬಿ, ಎಲ್ಲವೂ ಬೀಜ ಬಿತ್ತುವ ಕುಂಡಗಳಾದವು. ಬಿಸಿಲಿಗೆ ಮರೆಯಾಗಿ ಅವ್ವನ ಹರಿದ ನಾರಾಯಣಪೇಟೆ ಸೀರೆಯ ತುಂಡು. ಉಪಯೋಗಕ್ಕೆ ಬಾರದೆ ಉಳಿದವನು ನಾನೊಬ್ಬನೇ.

ಮೊದಲ ಬಿತ್ತನೆ ಏಳಲಿಲ್ಲ. ಏಳಲು ನಾನು ಬಿಟ್ಟರೆ ತಾನೇ! ಅಕ್ಕ ಗೋಡೆಯಾಚೆಯ ನೆರೆಯವಳಿಗೆ ಕೇಳಿಸುವಂತೆ ಕೂಗಿದಳು:

“ಯಲ್ಲವ್ವಾ, ನಿಮ್ಮ ಕೋಳಿ ಕಟ್ಟಿ ಹಾಕ್ರೀ! ನಮ್ಮ ಬೀಜ ಎಲ್ಲಾ ಕೆದರ್ಯಾವ!”

“ಜ್ವಾಳ ತಿಂದು ಬೆಳದ ಕೋಳಿಗಿ ನಿಮ್ಮ ಬೂದಿ ಬೀಜ ಯಾಕ ಬೇಕವಾ?”

ನಾನು ನಡುವೆ ನಿಂತು, ಕೋಳಿಜಾತಿಯ ನಡತೆಗೆ ಬೇಸರಪಟ್ಟು ತಲೆಯಾಡಿಸಿದೆ. ಉಗುರೊಳಗಿನ ಮಣ್ಣು ಕಾಣದಂತೆ ಕೈ ಹಿಂದೆ ಕಟ್ಟಿಕೊಂಡಿದ್ದೆ.

ಅಕ್ಕ ಸುತ್ತಲೂ ಮುಳ್ಳುಕಂಟಿ ಇಟ್ಟು ಮತ್ತೆ ಬಿತ್ತಿದಳು. ಮುಳ್ಳು ಸರಿಸಿ ನೋಡಿ, ಮತ್ತೆ ಹಾಗೆಯೇ ಇಡಲು ಕೋಳಿಗೆ ಬಾರದು; ನನಗೆ ಬರುತ್ತಿತ್ತು. ಅದೂ ಹಾಳಾಯಿತು.

ಉಳಿದದ್ದು ಒಂದು ಚಿಟಿಕೆ. ಅಕ್ಕ ಟ್ರಂಕಿನ ತಳದಿಂದ ನನ್ನ ರೂಮಿ ಟೋಪಿ ಹೊರತೆಗೆದಳು. ನಿಜಾಮರ ಕಾಲದಲ್ಲಿ ಆ ಕುಚ್ಚಿನ ಕೆಂಪು ಟೋಪಿ ತಲೆಗೇರಿದರೆ ನಾನು ಸ್ವಂತ ಅಕ್ಕನೊಂದಿಗೂ ಉರ್ದುವಿನಲ್ಲೇ ಗದರುತ್ತಿದ್ದೆ. ಮಿಲಿಟರಿ ಬಂದ ದಿನ ಅದನ್ನು ಟ್ರಂಕಿಗೆ ತುರುಕಿ, ಬಿಳಿ ಟೋಪಿ ಸಂಪಾದಿಸಿ, ಓಣಿಯಲ್ಲಿ ಎಲ್ಲರಿಗಿಂತ ಜೋರಾಗಿ ಜೈಕಾರ ಹಾಕಿದ ದೇಶಭಕ್ತನೂ ನಾನೇ. ಆಮೇಲೆ ಆ ಟ್ರಂಕಿನ ಕಡೆ ನೋಡುವ ಧೈರ್ಯವೇ ಬರಲಿಲ್ಲ.

ಅಕ್ಕ ಕುಚ್ಚು ಕಿತ್ತು, ಅಲ್ಲೊಂದು ತೂತು ಮಾಡಿ, ಟೋಪಿಯನ್ನು ತಲೆಕೆಳಗಾಗಿ ಮಡಕೆಯ ಬಾಯಲ್ಲಿ ಕೂರಿಸಿ, ಮಣ್ಣು ತುಂಬಿ ಬಿತ್ತಿದಳು. ನಾನು ಹಿತ್ತಲಿಗೆ ಹೋಗುವುದನ್ನೇ ಬಿಟ್ಟೆ. ಬದನೆ ಎದ್ದಿತು, ಒತ್ತೊತ್ತಾಗಿ. ಅಷ್ಟು ವರ್ಷ ನಾನು ಹೊತ್ತಾಗ ಆ ಟೋಪಿಯ ಅಡಿಯಲ್ಲಿ ಏನೂ ಬೆಳೆದಿರಲಿಲ್ಲ.

ಅಕ್ಕ ಟೋಪಿಯನ್ನು ಮಡಿಲಲ್ಲಿಟ್ಟುಕೊಂಡು ಗದ್ವಾಲದ ದಾರಿಗೆ ಬಂಡಿ ಹತ್ತಿದಾಗ ನನಗೆ ತಡೆಯಲಾಗಲಿಲ್ಲ.

“ಅಕ್ಕಾ, ಬೀಜ ಕೆದರಿದ್ದು ಕೋಳಿ ಅಲ್ಲ. ನಾನ.”

“ಗೊತ್ತೈತೋ ತಮ್ಮಾ. ಕೋಳಿ ಕೆದರಿ ಮತ್ತ ಮಣ್ಣು ಮುಚ್ಚಿ ತಟ್ಟತಾವೇನು?”

“ಮತ್ತ ಯಾಕ ಬೈಲಿಲ್ಲ?”

“ಬೈದ್ರ ಬಿಡಾಂವ ಏನು ನೀ? ನೀ ಮುಟ್ಟಾಕ ನಾಚೋದು ಮನ್ಯಾಗ ಒಂದ ಇತ್ತು. ಅದರಾಗ ಹಾಕಿದೆ.”

ಬಂಡಿ ಹೋಯಿತು. ಯಲ್ಲವ್ವನ ಮನೆಗೆ ನಡೆದು, ಆಕೆಯ ಕೋಳಿಗಳು ನಿರಪರಾಧಿಗಳೆಂದು ಗಂಭೀರವಾಗಿ ಹೇಳಿದೆ. ಆಕೆ ಜೋಳ ಕೇರುತ್ತಲೇ ನಕ್ಕಳು: “ಗ್ವಾಡಿ ಗಿಡ್ಡ ಐತಲ್ಲಪಾ, ಎಲ್ಲಾ ಕಾಣತಿತ್ತು.” ಇಡೀ ಓಣಿಯಲ್ಲಿ ನನ್ನ ಗುಟ್ಟನ್ನು ಕಾಯುತ್ತಿದ್ದವನು ನಾನೊಬ್ಬನೇ.