ಬ್ಯಾಂಡ್ ಹಬ್ಬದಲ್ಲಿ ಗಟ್ಟಿಮೇಳ

ಗುಬ್ಬಿಯಿಂದ ಚೇಳೂರಿನ ಕಡೆ ಹೋಗುವ ಬಸ್ಸು ಹತ್ತಿದರೆ ಇವತ್ತಿಗೂ ನನ್ನ ಕತ್ತು ತಾನಾಗಿ ಕಿಟಕಿಯತ್ತ ತಿರುಗುತ್ತದೆ. ಆ ತೆಂಗಿನ ತೋಟ ಇದ್ದಲ್ಲೇ ಇದೆ. ಅಲ್ಲಿ ನಾವು ಮಾಡುತ್ತಿದ್ದ ಬ್ಯಾಂಡ್ ಹಬ್ಬ ಮಾತ್ರ ಇಲ್ಲ. ಒಬ್ಬನಿಗೆ ವರ್ಗವಾಯಿತು, ಇನ್ನೊಬ್ಬಳಿಗೆ ಅವಳಿ ಮಕ್ಕಳಾದವು, ಉಳಿದವರಿಗೆ ಹಿರೇಹಳ್ಳಿಯ ಫ್ಯಾಕ್ಟರಿಗಳಲ್ಲಿ ಶಿಫ್ಟು. ಎರಡು ಮೂರು ವರ್ಷ ನಡೆದು ನಿಂತುಹೋಯಿತು. ನಾನು ಹೇಳಹೊರಟಿರುವುದು ಮೊದಲ ವರ್ಷದ ಶನಿವಾರ, ಭಾನುವಾರದ ವಿಷಯ.

ತೋಟ ನಮ್ಮ ಬ್ಯಾಂಡಿನ ಕೀಬೋರ್ಡ್ ಹುಡುಗಿಯ ಮಾವನವರದು. ಅವರು ಹಾಕಿದ್ದು ಒಂದೇ ಷರತ್ತು. "ಮೊದ್ಲು ಎಲ್ಲಾ ಮರದ್ ಕಾಯಿ ಕೆಡವಿಸ್ತೀನಿ. ಹಾಡ್ ಕೇಳಕ್ ಬಂದೋರ್ ತಲೆ ಮೇಲೆ ಕಾಯಿ ಬಿದ್ರೆ ನಾನ್ ಪೊಲೀಸ್ ಸ್ಟೇಷನ್ ಮೆಟ್ಲು ಹತ್ತಲ್ಲ ಕಣ್ರಮ್ಮ" ಎಂದರು. ಹಾಗಾಗಿ ಹಬ್ಬದ ಹಿಂದಿನ ವಾರವೆಲ್ಲ ಕಾಯಿ ಕೀಳುವುದೇ ಆಯಿತು. ಬೆಂಗಳೂರಿನಿಂದ ಟೆಂಟ್ ಹೊತ್ತು ಬಂದ ಹುಡುಗ ಹುಡುಗಿಯರಿಗೆ ಆ ಕಾಯಿ ರಾಶಿಯ ಮೇಲೆ ಕೂತು ಫೋಟೊ ತೆಗೆಸಿಕೊಳ್ಳುವುದೇ ದೊಡ್ಡ ಸಡಗರ.

ಶಾಮಿಯಾನದವನಿಗೆ ನಾನು ಫೋನಿನಲ್ಲಿ "ಬ್ಯಾಂಡ್ ಪ್ರೋಗ್ರಾಂ, ಒಂದು ಸ್ಟೇಜ್ ಬೇಕು" ಎಂದಿದ್ದೆ. ಪುಣ್ಯಾತ್ಮ ಜರಿ ಪರದೆ, ಪ್ಲಾಸ್ಟಿಕ್ ಮಲ್ಲಿಗೆಯ ಕಮಾನು, ಕೆಂಪು ಕಾರ್ಪೆಟ್ಟು ಎಲ್ಲ ಹೊತ್ತು ತಂದು ಅಪ್ಪಟ ರಿಸೆಪ್ಷನ್ ಸ್ಟೇಜನ್ನೇ ಕಟ್ಟಿಬಿಟ್ಟ. ನೋಡಿ ಮೈಯೆಲ್ಲ ಉರಿದುಹೋಯಿತು. "ಇದನ್ನ ಬಿಚ್ಚಪ್ಪಾ" ಎಂದು ರೇಗಿದರೆ, "ಇರ್ಲಿ ಬುಡಿ ಮೇಡಂ, ಒಸಿ ಕಳೆ ಇರ್ತದೆ" ಎಂದು ಬೀಡಿ ಹಚ್ಚಿದ. ಶನಿವಾರ ತುಮಕೂರಿನ ಕಾಲೇಜು ಹುಡುಗರು ಕಪ್ಪು ಟೀ ಶರ್ಟು ಹಾಕಿಕೊಂಡು, ತಲೆ ಕೆದರಿಕೊಂಡು, ಆ ಮಲ್ಲಿಗೆ ಕಮಾನಿನ ಕೆಳಗೇ ಇಂಗ್ಲಿಷಿನಲ್ಲಿ ಕಿರುಚಿದರು. ತೋಟದ ಮಾವ ಮುಂದಿನ ಸಾಲಿನಲ್ಲಿ ಕೂತು ತೊಡೆ ತಟ್ಟುತ್ತಾ, "ಏನ್ಲಾ, ಅವ್ನಿಗೆ ಅಷ್ಟೊಂದ್ ಸಿಟ್ಟು ಯಾರ್ ಮೇಲ್ಲಾ?" ಎಂದು ಪಕ್ಕದವನನ್ನು ಕೇಳುತ್ತಿದ್ದರು. ಕುಣಿಗಲ್ಲಿನಿಂದ ಬಂದ ಮೂವರು ಮೌತ್ ಆರ್ಗನ್, ತಮಟೆ ಸೇರಿಸಿ ಎಂಥ ಚೆಂದ ನುಡಿಸಿದರು ಗೊತ್ತೆ! ತಟ್ಟೆ ಇಡ್ಲಿಯ ಹಬೆ, ಒದ್ದೆ ಮಣ್ಣು, ಜನರೇಟರಿನ ಡೀಸೆಲ್ ವಾಸನೆ ಎಲ್ಲ ಸೇರಿ ಒಂದು ಘಮ ಇತ್ತು. ಎಷ್ಟು ಸಂತೋಷವಾಗಿದ್ದೆವು ಆಗ.

ಭಾನುವಾರ ಸಂಜೆ ನಮ್ಮ ಬ್ಯಾಂಡಿನ ಸರದಿ. ನಾನು ಗಿಟಾರ್, ಹಾಡುವವಳು ನನ್ನ ಅಕ್ಕ. ಜೊತೆಗೆ ಡೋಲಣ್ಣ. ಹೆಸರೇ ಹೇಳುವಂತೆ ಡೋಲು ಬಾರಿಸುವವರು. ಸುತ್ತಮುತ್ತಲ ಊರುಗಳ ಮದುವೆಗಳಿಗೆಲ್ಲ ಅವರದೇ ವಾಲಗ. ನನ್ನ ಮದುವೆಗೂ ಅವರೇ ಬಾರಿಸಿದ್ದು. ಗಿಟಾರಿನ ಜೊತೆ ಡೋಲು ಎಂದಾಗ ಮೊದಲು ನಕ್ಕರು, ಆಮೇಲೆ ಪ್ರಾಕ್ಟೀಸಿಗೆ ನಮಗಿಂತ ಮೊದಲೇ ಬಂದು ಕೂರತೊಡಗಿದರು.

ಅಕ್ಕನ ವಿಷಯ ಹೇಳಬೇಕು. ಅವಳು ಕುಣಿಗಲ್ಲಿನ ಸ್ಕೂಲೊಂದರಲ್ಲಿ ಟೀಚರ್, ದಿನಾ ತುಮಕೂರಿನಿಂದ ಬಸ್ಸಿನಲ್ಲಿ ಓಡಾಟ. ಮದುವೆಯಾಗಿಲ್ಲ. ಅವಳನ್ನು ನೋಡಲು ಬಂದ ಕೊನೆಯ ಗಂಡಿನ ಕಡೆಯವರು ಕೇಸರಿಬಾತು ತಿಂದು ಕೈ ಒರೆಸಿಕೊಳ್ಳುತ್ತಾ, "ಹುಡ್ಗಿ ಸ್ಟೇಜ್ ಮೇಲೆ ಹಾಡ್ತಾಳಂತೆ. ಮದ್ವೆ ಆದ್ಮೇಲೆ ಅದೆಲ್ಲ ನಿಲ್ಸಬೇಕಾಯ್ತದೆ" ಎಂದರು. ಅಕ್ಕ ನೆಟ್ಟಗೆ ನೋಡಿ, "ಹಂಗಾದ್ರೆ ಬೇಡ ಬಿಡಿ" ಎಂದುಬಿಟ್ಟಳು.

ಅವತ್ತಿನಿಂದ ಅಮ್ಮನಿಗೆ ಹಾಡೇ ಶತ್ರು. ಕೊನೆಗೆ ನನ್ನ ಮದುವೆ ಮೊದಲು ಮಾಡಬೇಕಾಯಿತು. ಛತ್ರಕ್ಕೆ ಬಂದ ಹೆಬ್ಬೂರಿನ ನೆಂಟರೆಲ್ಲ, "ದೊಡ್ಡೋಳ್ನ ಬುಟ್ಟು ಚಿಕ್ಕೋಳಿಗ್ ಮಾಡ್ತಿದೀರಲ್ಲ, ಯಾಕಂತೆ?" ಎಂದು ಕೇಳಿ ಕೇಳಿ ಅಮ್ಮನ ಜೀವ ತಿಂದರು. ಅಕ್ಕ ಮನೆಯಲ್ಲಿ ಸುಮ್ಮನೆ ಗುನುಗಿದರೂ ಸಾಕು, ಅಮ್ಮ ಎದ್ದು ಹೋಗಿ ಮಿಕ್ಸಿ ಹಾಕುತ್ತಿದ್ದಳು. ರುಬ್ಬಲು ಏನೂ ಇಲ್ಲದಿದ್ದರೆ ಖಾಲಿ ಜಾರನ್ನೇ ತಿರುಗಿಸುತ್ತಿದ್ದಳು. ಅವಳು ಮಗಳು ಹಾಡುವುದನ್ನು ಕೇಳಿ ವರ್ಷಗಳೇ ಆಗಿದ್ದವು.

ಅಕ್ಕ ಆ ಹಬ್ಬಕ್ಕೆಂದೇ ಒಂದು ಹಾಡು ಕಟ್ಟಿದ್ದಳು. ಪ್ರತಿ ಭಾನುವಾರ ಬೆಳಿಗ್ಗೆ ಅಮ್ಮನೊಬ್ಬಳು ಮಕ್ಕಳನ್ನು ಮುಂದೆ ಕೂರಿಸಿಕೊಂಡು ತಲೆಗೆ ಎಣ್ಣೆ ಹಚ್ಚುವ ಹಾಡು. "ಒಂದೇ ಒಂದ್ಸಲ ಅಮ್ಮ ಕೂತು ಪೂರ್ತಿ ಕೇಳ್ಲಿ ಕಣೇ. ಆಮೇಲೆ ಬೈಕೊಳ್ಳಲಿ, ಏನಾದ್ರೂ ಮಾಡ್ಲಿ" ಎಂದಳು ನನ್ನ ಹತ್ತಿರ. ಅವಳು ನನ್ನನ್ನು ಏನನ್ನೂ ಕೇಳಿದವಳಲ್ಲ. ನಾನು ಅಮ್ಮನಿಗೆ, "ನೀನು ಬರ್ದಿದ್ರೆ ನನ್ ಮಗೂನ ಯಾರ್ ನೋಡ್ಕೋತಾರೆ?" ಎಂದೆ. "ಮಗೂಗೋಸ್ಕರ ಬರ್ತೀನಿ, ಅಷ್ಟೇ" ಎಂದು ಮುಖ ಊದಿಸಿಕೊಂಡೇ ಬಂದಳು. ಮಗುವನ್ನು ತೊಡೆಯ ಮೇಲೆ ಕೂರಿಸಿಕೊಂಡು ಕಟ್ಟಕಡೆಯ ಸಾಲಿನಲ್ಲಿ ಕೂತಳು. ಹತ್ತಿರದ ಊರುಗಳ ಹೆಂಗಸರೂ ಅಲ್ಲೇ ಇದ್ದರು, ಕಡ್ಲೆಪುರಿ ಪೊಟ್ಟಣ ಬಿಚ್ಚಿಕೊಂಡು.

ಅಕ್ಕ ಹಾಡಲು ಶುರು ಮಾಡಿದಳು. ಜನ ತೆಪ್ಪಗಾದರು. ನಾನು ತಂತಿ ನೋಡುವುದು ಬಿಟ್ಟು ಅಮ್ಮನನ್ನೇ ನೋಡುತ್ತಿದ್ದೆ. ಎದ್ದು ಹೋಗಲಿಲ್ಲ! ಮೊದಲ ಚರಣ ಮುಗಿಯಿತು, ಎರಡನೆಯದು ಬಂತು. ಆ ಚರಣಕ್ಕೆ ಡೋಲು ಇಲ್ಲ, ಗಿಟಾರು, ಕೀಬೋರ್ಡೂ ಇಲ್ಲ, ಅಕ್ಕನ ದನಿ ಮಾತ್ರ. ಡೋಲಣ್ಣ ಕಡ್ಡಿ ಹಿಡಿದು ಸುಮ್ಮನೆ ಕೂತು ಜನರತ್ತ ನೋಡುತ್ತಿದ್ದರು.

ಅಲ್ಲೇ ಎಡವಟ್ಟಾಯಿತು. ಮದುವೆ ಮನೆಯಲ್ಲಿ ವಾಲಗದವರಿಗೆ ತಾಳಿ ಕಟ್ಟುವುದು ಎಲ್ಲಿ ಕಾಣುತ್ತದೆ? ನೆಂಟರೆಲ್ಲ ಸುತ್ತ ಗುಂಪುಗಟ್ಟಿರುತ್ತಾರೆ. ಯಾರೋ ಹಿರಿಯರು ಕೈ ಮೇಲೆತ್ತಿ ಬೆರಳು ಗಿರಗಿರ ತಿರುಗಿಸುತ್ತಾರೆ, ಅದನ್ನು ಕಂಡ ಕೂಡಲೇ ಇವರು ಗಟ್ಟಿಮೇಳ ಬಾರಿಸಬೇಕು. ಒಂದು ಗಳಿಗೆ ತಡವಾದರೂ ಮೂರು ತಲೆಮಾರು ಆಡಿಕೊಳ್ಳುತ್ತದೆ. ಆ ಹೊತ್ತಿಗೆ ಸರಿಯಾಗಿ ಬೆಂಗಳೂರಿನ ಸೌಂಡ್ ಹುಡುಗ, ಟೈಮ್ ಆಯಿತು, ಬೇಗ ಮುಗಿಸಿ ಎನ್ನಲು ಕೈ ಮೇಲೆತ್ತಿ ಬೆರಳು ತಿರುಗಿಸಿದ.

ಡೋಲಣ್ಣ ಬಾರಿಸಿದರು ನೋಡಿ! ತೋಟ ಅದುರಿಹೋಯಿತು. ಗಟ್ಟಿಮೇಳ ಕಿವಿಗೆ ಬಿದ್ದಿದ್ದೇ ತಡ, ನಮ್ಮ ಕಡೆಯ ಜನರೆಲ್ಲ ದಡಬಡ ಎದ್ದು ನಿಂತರು. ಅಕ್ಷತೆ ಹಾಕಿ ಹಾಕಿ ಪಳಗಿದ ಕೈಗಳು. ಅಕ್ಷತೆ ಇರಲಿಲ್ಲ, ಕಡ್ಲೆಪುರಿ ಇತ್ತು, ಅದನ್ನೇ ಸ್ಟೇಜಿನ ಕಡೆಗೆ ತೂರಿದರು. ಬೆಂಗಳೂರಿನವರು ಇದೂ ಪ್ರೋಗ್ರಾಮೇ ಎಂದುಕೊಂಡು ಸಿಳ್ಳೆ ಹೊಡೆದರು. ಅಕ್ಕ ಅರ್ಧ ಸಾಲಿನಲ್ಲಿ ನಿಂತುಹೋದಳು. ನಾಚಿಕೆಗೋ ಸಂಕಟಕ್ಕೋ ಅವಳ ಮುಖ ಕೆಂಪಾಗಿತ್ತು. "ಅಯ್ಯೋ ಶಿವನೆ, ಏನ್ ಮಾಡ್ಬುಟ್ಟೆ ಕಣವ್ವಾ!" ಎಂದು ಡೋಲಣ್ಣ ತಲೆ ಚಚ್ಚಿಕೊಂಡರು. ಅಮ್ಮ ಒಂದು ಹಾಡು ಪೂರ್ತಿ ಕೇಳಲಿ ಎಂದು ನಾವು ಪಟ್ಟ ಪಾಡೆಲ್ಲ ಮಣ್ಣುಪಾಲಾಯಿತಲ್ಲ ಎಂದು ನನಗೆ ಅಳುವೇ ಬಂತು. ಅದೂ ಹೋಗಿ ಹೋಗಿ ಗಟ್ಟಿಮೇಳ!

ನೋಡುತ್ತೇನೆ, ಅಮ್ಮ ಮಗುವನ್ನು ಕಂಕುಳಲ್ಲಿ ಎತ್ತಿಕೊಂಡು ಕುರ್ಚಿಗಳ ನಡುವೆ ಸ್ಟೇಜಿನತ್ತ ನಡೆದು ಬರುತ್ತಿದ್ದಾಳೆ. ಮುಷ್ಟಿ ಬಿಗಿದಿದ್ದಾಳೆ. ಮುಗಿಯಿತು, ಊರವರ ಮುಂದೆ ಅಕ್ಕನ ಮಾನ ತೆಗೆಯುತ್ತಾಳೆ ಎಂದುಕೊಂಡೆ. ಅಮ್ಮ ಮೆಟ್ಟಿಲು ಹತ್ತಿ ಬಂದಳು. ಮುಷ್ಟಿ ಬಿಚ್ಚಿ, ಹಿಡಿ ಕಡ್ಲೆಪುರಿಯನ್ನು ಅಕ್ಕನ ನೆತ್ತಿಯ ಮೇಲೆ ಮೆಲ್ಲಗೆ, ಮಂಟಪದಲ್ಲಿ ಹಾಕುವ ಹಾಗೆಯೇ, ಹಾಕಿದಳು. ಅವಳ ಕೆನ್ನೆ ಒದ್ದೆಯಾಗಿತ್ತು.

"ನಿಂಗೆ ಬಾರ್ಸೋ ಇದೊಂದು ಸದ್ದು ನಾನ್ ಕೇಳ್ಬೇಕು ಅಂತ ಎಷ್ಟ್ ದೇವ್ರಿಗೆ ಕೈ ಮುಗ್ದಿದ್ದೆ ಕಣೇ" ಎಂದಳು. ಮೈಕ್ ಆನ್ ಇತ್ತು, ಇಡೀ ತೋಟಕ್ಕೆ ಕೇಳಿಸಿತು. "ಕೇಳ್ದೆ. ಆಯ್ತು ಬುಡು."

ಅಕ್ಕ ಅಮ್ಮನ ಭುಜಕ್ಕೆ ಹಣೆಯೂರಿ ಬಿಕ್ಕಿದಳು. ಸೌಂಡ್ ಹುಡುಗ ಮತ್ತೆ ಕೈ ಎತ್ತಿದ. "ಇಳ್ಸೋ ಕೈನಾ!" ಎಂದು ನಾನು ಅರಚಿದೆ.

ಅಮ್ಮ ಕೆಳಗಿಳಿದಳು, ತೋಟದ ಮಾವ ಬಿಟ್ಟುಕೊಟ್ಟ ಮುಂದಿನ ಸಾಲಿನ ಕುರ್ಚಿಯಲ್ಲಿ ಕೂತಳು, ಸೆರಗಿನಿಂದ ಮುಖ ಒರೆಸಿಕೊಂಡಳು.

"ಮೊದ್ಲಿಂದ ಹಾಡು" ಎಂದಳು. "ಎಣ್ಣೆ ಹಚ್ತಾ ಇರೋಳು ನಾನೇ ತಾನೆ? ಆಮೇಲೆ ಏನಾಗ್ತದೆ ಅಂತ ನಂಗೆ ಕೇಳ್ಬೇಕು."