ಹಸಿ ಉಸುಕು

ದೆವ್ವ, ಮಾಟ, ಮೈಮೇಲೆ ಬರುವುದು, ಇವನ್ನೆಲ್ಲ ನಾನು ನಂಬಿದವನಲ್ಲ. ಹೆದರಿದವರನ್ನು ಹಂಗಿಸಿದವನು. ಈಗಲೂ ನಂಬುತ್ತೇನೆ ಎನ್ನಲಾರೆ. ಆದರೆ ಮೂರು ವರ್ಷದ ಹಿಂದೆ ಕಾರವಾರದ ಹತ್ತಿರ ಸಮುದ್ರದ ದಂಡೆಯಲ್ಲಿ ನಡೆದದ್ದನ್ನು ಹೇಳಬೇಕಾದರೆ ಮೊದಲು ನನ್ನ ಪಾಪವನ್ನು ಹೇಳಬೇಕು.

ಎಸ್ಸೆಸ್ಸೆಲ್ಸಿ ಮುಗಿಸಿ ನಾನು ಬೆಳಗಾವಿಯ ಒಂದು ಫೌಂಡ್ರಿ ಸೇರಿದೆ. ಉಸುಕಿನ ಅಚ್ಚಿಗೆ ಕರಗಿದ ಕಬ್ಬಿಣ ಸುರಿಯುವ ಕೆಲಸ. ನನ್ನ ಜೊತೆಗಾರ ಬೀಡಿ ಊರಿನ ದಸ್ತಗೀರ. ಇಸ್ತ್ರಿ ಮಾಡಿದ ಅಂಗಿ ಹಾಕಿಕೊಂಡು ಬರುತ್ತೇನೆಂದು ಅವನೊಬ್ಬನೇ ನನ್ನನ್ನು 'ಸಾವ್ಕಾರ' ಎಂದು ಕರೆಯುತ್ತಿದ್ದ. ಒಂದು ದಿನ ಅಚ್ಚನ್ನು ಮುಟ್ಟಿ ನೋಡಿ, "ಹಸಿ ಐತಿ ಸಾವ್ಕಾರ, ಸುರಿಬ್ಯಾಡ" ಎಂದ. ಮನೆಗೆ ಹೋಗುವ ಅವಸರದಲ್ಲಿ ನಾನು ಸುರಿದೆ. ಹಸಿಯಿಂದ ಹಬೆ ಎದ್ದು ಕಬ್ಬಿಣ ಸಿಡಿದು ಅವನ ಎರಡೂ ಕಣ್ಣು ಹೋದವು. ವಿಚಾರಣೆಯಲ್ಲಿ, ಒಣಗಿದೆ ಎಂದು ಹೇಳಿದವನು ಅವನೇ ಎಂದೆ. ನನ್ನ ಮಾತನ್ನೇ ನಂಬಿದರು.

ನಾವು ಜೈನರು. ಪ್ರತಿ ವರ್ಷ ಪರ್ವ ಮುಗಿದ ಮೇಲೆ, ತಿಳಿದೋ ತಿಳಿಯದೆಯೋ ಮಾಡಿದ ತಪ್ಪಿಗೆ ಎಲ್ಲರಲ್ಲೂ ಕ್ಷಮೆ ಕೇಳುತ್ತೇವೆ. ನಾನೂ ಓಣಿಯಲ್ಲೆಲ್ಲ ಕೈ ಮುಗಿದು ಬರುತ್ತಿದ್ದೆ. ದಸ್ತಗೀರನ ಊರು ಬೀಡಿಗೆ ಮಾತ್ರ ಹೋಗಲಿಲ್ಲ.

ಮೂರು ವರ್ಷದ ಹಿಂದೆ ರಜೆಯಲ್ಲಿ ಮಗ ಅಜಿತ ಕಾರಿಗೆ ಗುಡಾರ ಹೇರಿಕೊಂಡು, ಹೆಂಡತಿ, ಇಬ್ಬರು ಮಕ್ಕಳು ಮತ್ತು ನನ್ನನ್ನು ಕರೆದುಕೊಂಡು, ಖಾನಾಪುರ ಹಾಯ್ದು ಕರಾವಳಿಗೆ ಹೊರಟ. ದಿನಕ್ಕೊಂದು ದಂಡೆಯಲ್ಲಿ ತಂಗಿದೆವು. ಮೂರನೆಯ ದಿನದ ಜಾಗ ನನಗೆ ಹಿಡಿಸಲಿಲ್ಲ. ಗಾಳಿ ಮುಖಕ್ಕೆ ಉಸುಕು ಎರಚುತ್ತಿತ್ತು. ಗೂಟ ಬಡಿದಷ್ಟೂ ನೆಲ ಅದನ್ನು ಹೊರಗೆ ಉಗುಳುತ್ತಿತ್ತು. ಹೊತ್ತು ಮುಳುಗುವ ಮೊದಲೇ ಉಂಡೆವು. ತಮ್ಮನ ಜೊತೆ ಉಸುಕಿನ ಮನೆ ಕಟ್ಟುತ್ತಿದ್ದ ಆರು ವರ್ಷದ ಮೊಮ್ಮಗಳು ಶ್ರುತಿ ನನ್ನ ಹತ್ತಿರ ಬಂದಳು.

"ಅಜ್ಜಾ, ಸಾವ್ಕಾರ ಅಂದ್ರ ಯಾರು?"

"ಯಾರ ಅಂದ್ರವಾ ಹಂಗ?"

"ಅಲ್ಲಿ ಕುಂತಿದ್ನಲ್ಲಾ, ಆ ಕಾಕಾ. ಹಸಿ ಐತಿ ಸಾವ್ಕಾರ, ಸುರಿಬ್ಯಾಡ ಅಂದಾ. ನಾ ನೀರ ಸುರದ ಇಲ್ಲ, ಸುಮ್ಸುಮ್ನ ಬೈತಾನ!"

ದಂಡೆಯ ತುದಿಯವರೆಗೂ ಯಾರೂ ಇರಲಿಲ್ಲ. ಆ ಹೆಸರನ್ನು ನಾನು ಮನೆಯಲ್ಲಿ ಎಂದೂ ಎತ್ತಿದವನಲ್ಲ. ಹೆದರಿಕೆಯಲ್ಲಿ ಮಗುವಿನ ಮೇಲೆಯೇ ರೇಗಿದೆ. ಅವಳು ಅತ್ತಳು. ಸೊಸೆ ಅವಳನ್ನು ಎತ್ತಿಕೊಂಡು ಗುಡಾರದೊಳಗೆ ಹೋದಳು.

ಬೆಳಕು ಹರಿದಾಗ ಹೊರಗೆ ಬಂದೆ. ಗುಡಾರದ ನಾಲ್ಕೂ ಕಡೆ ಉಸುಕನ್ನು ಯಾರೋ ಬಡಿದು ಸಪಾಟು ಮಾಡಿದ್ದರು. ಅದರ ತುಂಬ, ಬೆರಳಗಲ ಬಿಟ್ಟು ಸಾಲುಸಾಲಾಗಿ, ತಂತಿಯಿಂದ ಚುಚ್ಚಿದಂಥ ಸಣ್ಣ ತೂತುಗಳು.

"ಏಡಿ ಮಾಡಿದ್ದ ಅಪ್ಪಾ," ಎಂದು ಅಜಿತ ನಕ್ಕ.

ಏಡಿ ಸಾಲು ಹಿಡಿಯುತ್ತದೆಯೇ? ಅಚ್ಚಿನ ಹಬೆ ಹೊರಗೆ ಹೋಗಲೆಂದು ನಾವು ಹಾಗೆ ಚುಚ್ಚುತ್ತಿದ್ದೆವು. ಸುರಿಯುವ ಮೊದಲಿನ ಕೊನೆಯ ಕೆಲಸ ಅದು. ಆ ಅಚ್ಚಿನ ನಡುವೆ ನಾವು ಐವರು ಮಲಗಿದ್ದೆವು. ಅಲೆ ಅಲ್ಲಿಯವರೆಗೆ ಬಂದಿರಲಿಲ್ಲ. ಮುಟ್ಟಿ ನೋಡಿದೆ. ಹಸಿ.

ಆಗಲೇ ಎಲ್ಲರನ್ನೂ ಹೊರಡಿಸಿದೆ. ದಾರಿಯಲ್ಲಿ ಮಗನಿಗೆ ಎಲ್ಲವನ್ನೂ ಹೇಳಿದೆ. ಅವನು ಬೀಡಿಯ ಕಡೆ ಗಾಡಿ ತಿರುಗಿಸಿದ.

ದಸ್ತಗೀರ ಮನೆಯ ಕಟ್ಟೆಯ ಮೇಲೆ ಕುಳಿತಿದ್ದ.

"ದಸ್ತಗೀರಾ, ನಾ..." ಎಂದೆ.

"ದನಿ ಗೊತ್ತಾತ್ರಿ. ಹೇಳ್ರಿ."

ಹೇಳಿದೆ. ಕಾಲು ಹಿಡಿಯಲು ಬಾಗಿದೆ. ಅವನು ಕಾಲು ಎಳೆದುಕೊಂಡ.

"ಮುಗೀತ್ರಿ? ಗಾಡ್ಯಾಗ ಮಕ್ಕಳ ಅಳಾಕತ್ತಾವು. ಹೋಗ್ರಿ."

ಹಿಂದೆ ಅವನು ನನ್ನನ್ನು ಎಂದೂ 'ರೀ' ಎಂದವನಲ್ಲ. ಬೈದಿದ್ದರೆ ತಡೆದುಕೊಳ್ಳುತ್ತಿದ್ದೆ. ಏಳುವಾಗ, ಸಮುದ್ರದ ಕಡೆ ಯಾವಾಗಾದರೂ ಹೋಗಿದ್ದೆಯಾ ಎಂದು ಕೇಳಿಬಿಟ್ಟೆ.

"ಕಣ್ಣ ಇದ್ದಾಗನ ನೋಡಿಲ್ರಿ," ಎಂದ.

ಹಾಗಾದರೆ ಮಗುವಿನೊಡನೆ ಮಾತಾಡಿದವನು ಯಾರು? ಗೊತ್ತಿಲ್ಲ. ಈಗ ಎದುರು ಮನೆ ಕಟ್ಟಲು ಉಸುಕು ತಂದು ಸುರಿದಿದ್ದಾರೆ. ಮೊಮ್ಮಕ್ಕಳು ಆಡಲು ಓಡಿದರೆ ಅವರಿಗಿಂತ ಮೊದಲು ನಾನು ಹೋಗಿ ಮುಟ್ಟಿ ನೋಡುತ್ತೇನೆ.